ಎರಡು ತಿಂಗಳಾದ್ರೂ ಮಾಯದ ಗಾಯ: ಪಿಎಚ್‌ಸಿ ಡಾಕ್ಟ್ರ ಒಂದು ಚೀಟಿ ಕಾಲು ಉಳಿಸಬಹುದು

ಕಾಲಿನ ಗಾಯ ಎರಡು ತಿಂಗಳಿಂದ ಒಣಗಿಲ್ಲ. ಮೊದಲು ಅರಿಶಿನ, ಆಮೇಲೆ ಮೆಡಿಕಲ್ ಶಾಪಿನ ಟ್ಯೂಬ್, ಕೊನೆಗೆ ಪಿಎಚ್‌ಸಿ. ಅಲ್ಲಿ ಡ್ರೆಸಿಂಗ್ ಮಾಡಿ, ಶುಗರ್ ಟೆಸ್ಟ್ ಮಾಡಿಸಿ, ಮಾತ್ರೆ ಕೊಟ್ಟು ಕಳಿಸ್ತಾರೆ. ಹಳ್ಳಿ ಕಡೆ ಇದು ಮಾಮೂಲಿ. ಬಹುತೇಕ ಗಾಯಗಳಿಗೆ ಇಷ್ಟು ಸಾಕು ಕೂಡ. ಆದರೆ ಅಪರೂಪಕ್ಕೆ ಅಂಥ ಒಂದು ಗಾಯ ಚರ್ಮದ ಕ್ಯಾನ್ಸರ್ ಆಗಿರುತ್ತೆ. ಅದನ್ನು ಮೊದಲು ನೋಡೋದು ಎಷ್ಟೋ ಕಡೆ ಆಗಷ್ಟೇ ಎಂಬಿಬಿಎಸ್ ಮುಗಿಸಿ ಬಂದ ಡಾಕ್ಟರ್.

ಅವರು ಕಲಿತು ಬಂದಿರೋದು ಏನು? ಎಂಬಿಬಿಎಸ್‌ನಲ್ಲಿ ಮೆಡಿಸಿನ್, ಸರ್ಜರಿ, ಹೆರಿಗೆಗೇ ಹೆಚ್ಚು ಸಮಯ. ಚರ್ಮರೋಗಕ್ಕೆ ಸಿಗೋದು ಸ್ವಲ್ಪ ದಿನ. ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲೂ ಅದೇ ಕಥೆ, ಮೇಲೆ ನೀಟ್ ಪಿಜಿ ಓದಿನ ಒತ್ತಡ. ಚರ್ಮದ ಓಪಿಡಿಯಲ್ಲಿ ಬರೋದು ಹುಳುಕಡ್ಡಿ, ಕಜ್ಜಿ, ಮೊಡವೆ. ಚರ್ಮದ ಕ್ಯಾನ್ಸರ್ ಒಂದನ್ನೂ ಕಣ್ಣಾರೆ ನೋಡದೆ ಡಾಕ್ಟರ್ ಆಗಿಬಿಡಬಹುದು.

ಇನ್ನೊಂದು ತೊಡಕು ಪುಸ್ತಕದ್ದು. ಅಲ್ಲಿನ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ಬಿಸಿಲಿಗೆ ಸುಟ್ಟ ಮುಖ, ಬೆನ್ನಿನ ಮೇಲಿನ ಮಚ್ಚೆ. ನಮ್ಮವರಲ್ಲಿ ಅಪಾಯದ ಕಪ್ಪು ಮಚ್ಚೆ (ಮೆಲನೋಮಾ) ಹೆಚ್ಚಾಗಿ ಕಾಣೋದು ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ಮುಳ್ಳು ಚುಚ್ಚಿದ ಗುರುತು, ಕಲ್ಲು ತಾಗಿ ರಕ್ತ ಹೆಪ್ಪುಗಟ್ಟಿದ್ದು ಅಂತ ಬಿಟ್ಟುಬಿಡೋದು ಸುಲಭ. ಎಷ್ಟೋ ವರ್ಷದ ಹಿಂದಿನ ಸುಟ್ಟ ಕಲೆ, ಕುಷ್ಠದಿಂದ ಮರಗಟ್ಟಿದ ಪಾದದ ಹುಣ್ಣು ಕೂಡ ಕ್ಯಾನ್ಸರಿಗೆ ತಿರುಗಬಹುದು. ಹಳೇ ಗಾಯದಲ್ಲಿ ಹುಟ್ಟೋ ಇಂಥ ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಅಂತ ಹೆಸರು.

ತರಬೇತಿ ಕೊಟ್ಟರೆ ಕಣ್ಣು ಪಳಗುತ್ತೆ ಅನ್ನೋದಕ್ಕೆ ಕುಷ್ಠರೋಗವೇ ಸಾಕ್ಷಿ. ಸ್ಪರ್ಶ ಇಲ್ಲದ ಮಚ್ಚೆ ಕಂಡ್ರೆ ಅನುಮಾನ ಪಡಬೇಕು ಅಂತ ಇವತ್ತು ಆಶಾ ಕಾರ್ಯಕರ್ತೆಗೂ ಗೊತ್ತು. ಆದರೆ 30 ವರ್ಷ ದಾಟಿದವರಿಗೆ ಸರ್ಕಾರ ಮಾಡೋ ಕ್ಯಾನ್ಸರ್ ತಪಾಸಣೆಯಲ್ಲಿ ಇರೋದು ಬಾಯಿ, ಸ್ತನ, ಗರ್ಭಕಂಠ ಮಾತ್ರ. ಚರ್ಮ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಎಲ್ಲ ಭಾರ ಪಿಎಚ್‌ಸಿ ಡಾಕ್ಟ್ರ ಅನುಮಾನದ ಮೇಲೇ ನಿಂತಿದೆ.

ರೋಗ ಯಾವುದು ಅಂತ ಪಿಎಚ್‌ಸಿಯಲ್ಲೇ ತೀರ್ಮಾನ ಆಗಬೇಕಿಲ್ಲ. ಅದಕ್ಕೆ ಬಯಾಪ್ಸಿ ಬೇಕು, ಅದು ಆಗೋದು ದೊಡ್ಡ ಆಸ್ಪತ್ರೆಯಲ್ಲಿ. ಇಲ್ಲಿ ಬೇಕಿರೋದು ಎರಡು ಪ್ರಶ್ನೆ: ಎಷ್ಟು ದಿನ ಆಯ್ತು? ಗಾತ್ರ, ಬಣ್ಣ ಬದಲಾಗಿದೆಯಾ? ಉತ್ತರ ಅನುಮಾನ ತಂದರೆ ಮತ್ತೊಂದು ಟ್ಯೂಬ್ ಬದಲು ಜಿಲ್ಲಾ ಆಸ್ಪತ್ರೆಗೆ ರೆಫರಲ್ ಚೀಟಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಬೇಕು. ದಾರಿ ಶುರುವಾಗೋದೇ ಆ ಚೀಟಿಯಿಂದ.

ಇಂಟರ್ನ್‌ಶಿಪ್‌ನಲ್ಲಿ ನಮ್ಮ ಬಣ್ಣದ ಚರ್ಮದ ಫೋಟೋ ಇಟ್ಕೊಂಡು ಪಾಠ ಆಗಲಿ. ಪಿಎಚ್‌ಸಿ ಡಾಕ್ಟ್ರು ಅನುಮಾನ ಬಂದ ಕೇಸನ್ನು ಇ-ಸಂಜೀವಿನಿಯಲ್ಲಿ ಸ್ಪೆಷಲಿಸ್ಟ್‌ಗೆ ತೋರಿಸೋದು ರೂಢಿಯಾಗಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಮೆಡಿಕಲ್ ಶಾಪಿನವರಿಗೂ ಒಂದು ಪಾಲಿದೆ. ಅದೇ ಗಿರಾಕಿ ಅದೇ ಗಾಯಕ್ಕೆ ಮೂರನೇ ಸಲ ಟ್ಯೂಬ್ ಕೇಳಿದ್ರೆ, ಕೊಡೋ ಮೊದಲು ಡಾಕ್ಟ್ರಿಗೆ ತೋರಿಸಿ ಅನ್ನಬೇಕು. ಬೇಗ ಸಿಕ್ಕರೆ ಚಿಕ್ಕ ಆಪರೇಷನ್‌ನಲ್ಲಿ ಮುಗಿಯಬಹುದು. ತಡವಾದರೆ ಕಾಲೇ ಹೋಗಬಹುದು, ಜೀವವೂ.