ಬಾಗಿಲಿಗೆ ಪ್ಲಾಸ್ಟಿಕ್ ಬಳೆ ಏಕೆ, ತೆನೆಯ ಸಿಂಬೆ ಇರುವಾಗ?



ರಾಗಿ ಕೊಯ್ಲಿನ ಕಾಲ. ಮೊನ್ನೆ ಕಾರ್ಯನಿಮಿತ್ತ ಸರ್ಜಾಪುರದಿಂದಾಚೆಯ ಒಂದು ಹಳ್ಳಿಗೆ ಹೋಗಿದ್ದೆ. ಒಂದು ಮನೆಯ ಮುಂದೆ ಆಗತಾನೆ ಒಟ್ಟಿದ ರಾಗಿ ಮೆದೆ ಇತ್ತು. ಅದರ ಪಕ್ಕದಲ್ಲೇ ಮನೆಯ ಬಾಗಿಲು. ಬಾಗಿಲ ಮೇಲೆ ತೂಗುತ್ತಿದ್ದುದು ಹಸಿರು ಪ್ಲಾಸ್ಟಿಕ್ಕಿನ ಒಂದು ದುಂಡು ಬಳೆ. ಅದಕ್ಕೆ ಕೆಂಪು ರಿಬ್ಬನ್ನು, ಹಿಮ ಬಿದ್ದಂತೆ ಕಾಣಲೆಂದು ಅಂಟಿಸಿದ ಬೆಂಡಿನ ಪುಡಿ. ಎಲ್ಲಿಂದ ಬಂತಮ್ಮ ಇದು ಎಂದು ಮನೆಯಾಕೆಯನ್ನು ಕೇಳಿದೆ.

"ನಾನು ಕೆಲಸಕ್ಕೋಗೋ ಅಪಾರ್ಟ್‌ಮೆಂಟ್‌ನಾಗೆ ಹೋದ ವರ್ಷ ಬಿಸಾಕಿದ್ರು ಸಾರ್. ಚೆನ್ನಾಗೈತಲ್ಲ ಅಂತ ತಂದ್ಕಂಡೆ" ಎಂದಳು.

ಆಕೆಯ ಗಂಡ ಎಲೆಕ್ಟ್ರಾನಿಕ್ ಸಿಟಿಯ ಒಂದು ಗೇಟಿನಲ್ಲಿ ಕಾವಲುಗಾರ. ಜಮೀನು ಇಪ್ಪತ್ತು ಗುಂಟೆ ಉಳಿದಿದೆ. ಹಳೆಯ ಸಾಮಾನನ್ನು ಮನೆಗೆ ತಂದಳೆಂದು ಆಕೆಯನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಚೆಂದದ ವಸ್ತು ಬಾಗಿಲಲ್ಲಿರಲಿ ಎಂಬ ಆಸೆ ಎಲ್ಲರಿಗೂ ಇದೆ. ನನ್ನನ್ನು ಕಾಡಿದ್ದು ಬೇರೆ ಮಾತು. ನಗರದವರು ದುಡ್ಡು ಕೊಟ್ಟು ಕೊಂಡು, ಒಂದು ತಿಂಗಳು ತೂಗುಹಾಕಿ, ಬಿಸಾಡುವ ಆ ಬಳೆಗಿಂತ ಅಂದವಾದುದನ್ನು ಹೆಣೆಯುವ ಸಾಮಗ್ರಿ ಹತ್ತು ಹೆಜ್ಜೆ ದೂರದ ಮೆದೆಯಲ್ಲೇ ಇತ್ತು. ಅದರತ್ತ ಆಕೆಯೂ ನೋಡಿರಲಿಲ್ಲ, ಇಷ್ಟು ವರ್ಷ ವಿಸ್ತರಣಾ ಕೆಲಸ ಮಾಡಿದ ನಾನೂ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಓದಿದವರಿಗೂ ಅನ್ವಯಿಸುತ್ತದೆ.

ಈ ಬಾಗಿಲ ಬಳೆ ಚಳಿದೇಶಗಳ ಪದ್ಧತಿ. ಅಲ್ಲಿ ಡಿಸೆಂಬರಿನಲ್ಲಿ ಮರಗಳ ಎಲೆಯೆಲ್ಲ ಉದುರಿ ಬೋಳಾಗಿರುವಾಗ ಪೈನ್, ಫರ್ ಮುಂತಾದ ಮರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅವುಗಳ ರೆಂಬೆಯನ್ನು ಬಳೆಯಾಗಿ ಬಗ್ಗಿಸಿ ಕ್ರಿಸ್‌ಮಸ್ಸಿಗೆ ಬಾಗಿಲಲ್ಲಿ ಕಟ್ಟುತ್ತಾರೆ. ನಮ್ಮ ವೈಟ್‌ಫೀಲ್ಡಿಗೆ ಕ್ರಿಸ್‌ಮಸ್ಸು ಹೊಸದೇನಲ್ಲ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಡಿ. ಎಸ್. ವೈಟ್ ಅವರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟಿದ್ದು ಯೂರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಸ್ವಂತ ಕಾಲಮೇಲೆ ನಿಲ್ಲಲೆಂದು. ಇಂದು ಗಾಜಿನ ಕಟ್ಟಡಗಳಿಗೆ ಹೆಸರಾದ ಊರು ಹುಟ್ಟಿದ್ದೇ ಬೇಸಾಯದ ವಸಾಹತಾಗಿ ಎಂಬುದನ್ನು ಅಲ್ಲಿ ಕೆಲಸಕ್ಕೆ ಹೋಗಿಬರುವ ನಮ್ಮ ಹುಡುಗರಿಗೆ ಒಮ್ಮೆ ಹೇಳಿರಿ. ಈಗ ಆ ಸುತ್ತಿನ ಸಾವಿರಾರು ಫ್ಲ್ಯಾಟುಗಳಲ್ಲಿ ಕ್ರೈಸ್ತರಲ್ಲದವರೂ ಡಿಸೆಂಬರ್ ಬಂತೆಂದರೆ ಬಾಗಿಲಿಗೆ ಬಳೆ ಕಟ್ಟುತ್ತಾರೆ. ಕಚೇರಿಗಳಲ್ಲೂ ಕಟ್ಟುತ್ತಾರೆ. ಆಮೇಲೆ ಅದು ಕಸ. ನಗರದ ಕಸ ಎಲ್ಲಿಗೆ ಬರುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಂಡೂರಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು.

ನಮ್ಮಲ್ಲಿ ಬಾಗಿಲಿಗೆ ಬೆಳೆ ಕಟ್ಟುವುದು ಹೊಸದೆ? ಕೊಡಗಿನವರು ಹುತ್ತರಿಯ ರಾತ್ರಿ ಗದ್ದೆಯಿಂದ ಕದಿರು ತಂದು ಬಾಗಿಲಿಗೂ ಕಣಜಕ್ಕೂ ಕಟ್ಟುತ್ತಾರೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಭತ್ತದ ತೆನೆಗಳನ್ನೇ ಜಡೆ ಹೆಣೆದಂತೆ ಹೆಣೆದು ತೋರಣ ಮಾಡುತ್ತಾರೆ. ಅದನ್ನು ನಗರದ ಮೇಳಗಳಲ್ಲಿ ಜನ ಮೆಚ್ಚಿ ಕೊಳ್ಳುತ್ತಾರೆ. ನಮ್ಮ ಬಯಲುಸೀಮೆಯ ಕಣದಲ್ಲಿ ಮೇಟಿಯ ತಲೆಗೆ ತೆನೆಯ ಕಂತೆ ಕಟ್ಟದೆ ಬಡಿತ ಶುರುವಾಗುತ್ತಿರಲಿಲ್ಲ. ಮೇಟಿ ಹೋಯಿತು, ಕಣವೂ ಹೋಯಿತು. ರಾಗಿಯನ್ನು ಈಗ ಟಾರು ರಸ್ತೆಯ ಮೇಲೆ ಹರಡಿ ಲಾರಿಗಳಿಂದ ತುಳಿಸುತ್ತೇವೆ.

ಇದನ್ನು ಒಂದು ರೈತರ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ನಕ್ಕುಬಿಟ್ಟರು. "ಅಲ್ಲ ಸ್ವಾಮಿ, ಗುಂಟೆಗೆ ಲಕ್ಷಗಟ್ಲೆ ಬಾಳೋ ಕಾಲ್ದಾಗೆ ಹುಲ್ಲು ಸುತ್ತೋದು ಹೇಳಾಕ್ ಬಂದಿದ್ದೀರಲ್ಲ!" ಎಂದರು. ಇನ್ನೊಬ್ಬರ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಅನ್ನವನ್ನು ಬಾಗಿಲಿಗೆ ನೇತುಹಾಕಿ ಒಣಗಿಸುವುದು ಪಾಪವಲ್ಲವೆ ಎಂದು ಕೇಳಿದರು. ಜೊತೆಗೆ, ದುಂಡನೆಯ ಹೂಬಳೆ ಎಂದರೆ ದೊಡ್ಡವರು ಸತ್ತಾಗ ಇಡುವುದಲ್ಲವೆ, ಶುಭಕ್ಕೆ ಹೇಗಾದೀತು ಎಂದೂ ಸೇರಿಸಿದರು.

ಎರಡನೆಯವರಿಗೆ ಮೊದಲು ಉತ್ತರಿಸುತ್ತೇನೆ. ಒಂದು ಬಳೆಗೆ ನಲವತ್ತು ತೆನೆ ಬೇಕು. ನಾನೇ ಒಂದನ್ನು ಮಾಡಿ, ಬಿಚ್ಚಿ, ಉಜ್ಜಿ, ತೂಗಿ ನೋಡಿದ್ದೇನೆ. ಸಿಕ್ಕಿದ್ದು ಹೆಚ್ಚುಕಡಮೆ ಕಾಲು ಕಿಲೋ ರಾಗಿ. 2025-26ನೇ ಸಾಲಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಇದು ಹನ್ನೆರಡು ರೂಪಾಯಿಯ ಕಾಳು. ಹಬ್ಬ ಮುಗಿದ ಮೇಲೆ ಅದನ್ನು ಗುಬ್ಬಿಗಾಗಲಿ ಕೋಳಿಗಾಗಲಿ ಹಾಕಿದರೆ ಯಾವ ಪಾಪವೂ ಇಲ್ಲ. ಇನ್ನು ದುಂಡಗಿನ ಮಾತು. ನಮ್ಮ ಹೆಂಗಸರು ನೀರಿನ ಕೊಡದ ಕೆಳಗೆ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆಯೂ ದುಂಡಗೇ ಇದೆ. ಇದನ್ನು ತೆನೆಯ ಸಿಂಬೆ ಎಂದು ಕರೆದರೆ ಅಶುಭದ ಶಂಕೆ ಉಳಿಯುವುದಿಲ್ಲ, ಮಾಡುವ ರೀತಿಯೂ ಆ ಹೆಸರಿನಲ್ಲೇ ಬಂದುಹೋಗುತ್ತದೆ.

ಆ ರೀತಿಯನ್ನು ಈಗ ವಿವರಿಸುತ್ತೇನೆ.

ಯಂತ್ರ ಹೊಲಕ್ಕೆ ಇಳಿಯುವ ಮೊದಲೇ ಬೇಕಾದಷ್ಟು ತೆನೆಯನ್ನು ಕುಡುಗೋಲಿನಿಂದ ಒಂದು ಅಡಿ ಕಡ್ಡಿಯ ಸಮೇತ ಕೊಯ್ದುಕೊಳ್ಳಿರಿ. ಕಾಳು ಗಟ್ಟಿಯಾಗಿ ತೆನೆ ಕಂದು ಬಣ್ಣಕ್ಕೆ ತಿರುಗಲು ಆರಂಭಿಸಿದಾಗ ಕೊಯ್ಯುವುದು ಉತ್ತಮ. ಅತಿ ಬಲಿತರೆ ಕೈತಾಗಿದಲ್ಲೆಲ್ಲ ಕಾಳು ಉದುರುತ್ತದೆ. ಹೆಚ್ಚಿನವರು ಬೆಳೆಯುವ ಜಿಪಿಯು-28 ತಳಿಯೇ ಸಾಕು. ಹಳೆಯ ತಳಿಗಳಲ್ಲಿ ಮುಷ್ಟಿ ಹಿಡಿದಂತಿರುವ ಉಂಡೆ ತೆನೆ ಯಾರಲ್ಲಾದರೂ ಉಳಿದಿದ್ದರೆ ಇನ್ನೂ ಲೇಸು. ಇಪ್ಪತ್ತು ಇಪ್ಪತ್ತೈದು ತೆನೆಗಳ ಕಟ್ಟು ಮಾಡಿ, ತಲೆಕೆಳಗಾಗಿ, ಗಾಳಿಯಾಡುವ ನೆರಳಿನಲ್ಲಿ ಹತ್ತು ಹದಿನೈದು ದಿನ ತೂಗುಹಾಕಿರಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ನಮ್ಮಲ್ಲಿ ನವೆಂಬರ್, ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದಿಂದ ಸೋನೆ ಹಿಡಿಯುವುದುಂಟು. ಆಗ ಒಳಗೆ ತಂದು ಅಡಿಗೆಮನೆಯ ಅಟ್ಟದ ಬಳಿ ಕಟ್ಟಬೇಕು. ಇಲ್ಲವಾದರೆ ಬೂಷ್ಟು ಹಿಡಿದೀತು. ಕಡ್ಡಿ ಬಗ್ಗಿಸಿದಾಗ ಚಟಕ್ಕನೆ ಮುರಿದರೆ ಒಣಗಿತೆಂದು ತಿಳಿಯಿರಿ.

ಸಿಂಬೆಗೆ ರಾಗಿ ಹುಲ್ಲು ಅಥವಾ ನೆಲ್ಲುಹುಲ್ಲನ್ನು ಅರ್ಧ ಗಂಟೆ ನೆನೆಸಿ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನಾಗಿ ಹೊಸೆದು, ಒಂದು ಅಡಿ ಅಗಲದ ಬಳೆ ಮಾಡಿ ಬಾಳೆನಾರಿನಿಂದ ಬಿಗಿಯಾಗಿ ಸುತ್ತಿರಿ. ಇನ್ನೂ ಗಟ್ಟಿ ಬೇಕೆಂದರೆ ಹುಲ್ಲಿನ ಬದಲು ಲಂಟಾನದ ಕಡ್ಡಿಯನ್ನು ಉಪಯೋಗಿಸಬಹುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈ ಕಳೆಗಿಡದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಕುರ್ಚಿ ಮಂಚಗಳನ್ನೇ ಮಾಡುತ್ತಾರೆ. ಬೇಯಿಸಿದ ಕಡ್ಡಿ ಬಿಸಿಯಾಗಿರುವಾಗಲೇ ಬಗ್ಗುತ್ತದೆ, ತಣಿದರೆ ಮುರಿಯುತ್ತದೆ. ಕಡಿದ ಸೊಪ್ಪನ್ನು ದನಗಳಿಗೆ ಎಟುಕದಂತೆ ಇಡತಕ್ಕದ್ದು, ಅದು ಅವಕ್ಕೆ ವಿಷ.

ಒಣಗಿದ ತೆನೆಗಳನ್ನು ನಾಲ್ಕು ಅಂಗುಲ ಕಡ್ಡಿ ಉಳಿಸಿ ಕತ್ತರಿಸಿ, ನಾಲ್ಕು ನಾಲ್ಕರ ಹತ್ತು ಹಿಡಿಗಳನ್ನಾಗಿ ಮಾಡಿರಿ. ಮೊದಲ ಹಿಡಿಯನ್ನು ಸಿಂಬೆಯ ಮೇಲಿಟ್ಟು ಕಡ್ಡಿಯ ಭಾಗವನ್ನು ತಂತಿಯಿಂದ ಮೂರು ಸುತ್ತು ಬಿಗಿಯಿರಿ. ಎರಡನೆಯ ಹಿಡಿಯ ತೆನೆ ಮೊದಲನೆಯದರ ಕಡ್ಡಿಯನ್ನು ಮುಚ್ಚಬೇಕು. ನಾಡಹೆಂಚು ಹೊದಿಸಿದಂತೆ ಒಂದೇ ದಿಕ್ಕಿಗೆ ಹೋಗಿರಿ. ಕೊನೆಯ ಹಿಡಿಯ ಕಡ್ಡಿಯನ್ನು ಮೊದಲನೆಯದರ ತೆನೆಯ ಕೆಳಗೆ ತೂರಿಸಿ ಕಟ್ಟಿದರೆ ಶುರು ಎಲ್ಲಿ, ಕೊನೆ ಎಲ್ಲಿ ಎಂದು ಗೊತ್ತಾಗುವುದಿಲ್ಲ. ತಂತಿಗೆ ಅಲೆಯಬೇಕಾಗಿಲ್ಲ. ಮನೆ ಕಟ್ಟುವಲ್ಲಿ ಕಬ್ಬಿಣ ಬಿಗಿಯುವ ಬೈಂಡಿಂಗ್ ವೈರೇ ಇದಕ್ಕೆ ಸರಿ. ನಮ್ಮ ಹೋಬಳಿಗಳಲ್ಲಿ ಈಗ ರಾಗಿಗಿಂತ ಅದೇ ಹೆಚ್ಚು ಸಿಗುತ್ತದೆ.

ಬಣ್ಣಕ್ಕೆ ಹೊಲದ ಬದುವಿನ ಅಣ್ಣೆ ಹೂವು ಉಂಟು. ಅದರ ಬೆಳ್ಳಿಗುಲಾಬಿ ಕುಚ್ಚು ಒಣಗಿದರೂ ರೂಪಗೆಡುವುದಿಲ್ಲ. ಕೋಳಿಜುಟ್ಟಿನ ಹೂ, ಗುಂಡಿಯಂಥ ನೇರಳೆ ವಾಡಾಮಲ್ಲಿ ಸಹ ಹಾಗೆಯೇ. ಹಸಿರಿಗೆ ಸರ್ವೆ ಮರದ ರೆಂಬೆ ಮತ್ತು ಅದರ ಪುಟ್ಟ ಕಾಯಿ, ಕೆಂಪಿಗೆ ನಾಲ್ಕಾರು ಬ್ಯಾಡಗಿ ಮೆಣಸಿನಕಾಯಿ ಸಾಕು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಕೆಂಪು ಕಪ್ಪಿನ ಗುಲಗಂಜಿ ಎಷ್ಟೇ ಅಂದವಾಗಿರಲಿ, ಕಟ್ಟಬೇಡಿರಿ. ಬೀಜ ಒಡೆದು ಮಗುವಿನ ಹೊಟ್ಟೆ ಸೇರಿದರೆ ಪ್ರಾಣಾಪಾಯ. ಹರಳಿನ ಕಾಯಿ, ಉಮ್ಮತ್ತಿ ಕಾಯಿಗಳೂ ಕೂಡದು. ಪಾರ್ಥೇನಿಯಂನ ಬಿಳಿ ಹೂವನ್ನು ತುಂಬುಹೂವೆಂದು ಕೆಲವರು ಸಿಕ್ಕಿಸುತ್ತಾರೆ, ಅದು ಮೈಗೆ ತುರಿಕೆ, ಉಬ್ಬಸ ತರುತ್ತದೆ. ಹುಳು ಬಂದೀತೆಂದು ಕೀಟನಾಶಕ ಸಿಂಪಡಿಸುವ ಬುದ್ಧಿಯೂ ಬೇಡ. ಇದು ಜನ ಓಡಾಡುವ ಬಾಗಿಲಿನ ವಸ್ತು.

ಈಗ ಮೊದಲ ಹಿರಿಯರಿಗೆ ಉತ್ತರ. ಗುಂಟೆಗೆ ಲಕ್ಷ ಬಾಳುವುದು ಮಾರುವ ದಿನ ಮಾತ್ರ. ಆ ದಿನ ಬರಲೆಂದು ಎಷ್ಟೋ ಹೊಲ ಬೀಳು ಬಿದ್ದಿವೆ. ಮಾರಿದವರ ಮನೆಯಲ್ಲೂ ಹಣ ಯಾವ ದಾರಿ ಹಿಡಿಯಿತೆಂಬುದನ್ನು ನೀವೇ ನೋಡಿದ್ದೀರಿ. ನಾನು ಹೇಳುತ್ತಿರುವುದು ಮಾರಿದವರಿಗಲ್ಲ. ಇಪ್ಪತ್ತು ಗುಂಟೆ ಉಳಿಸಿಕೊಂಡು, ರಾಗಿ ಹಾಕಿ, ಹೊರಗೆ ಕೂಲಿಗೂ ಹೋಗುವ ಮನೆಗಳಿಗೆ. ಒಂದು ಸಿಂಬೆಗೆ ಒಂದೂವರೆ ಗಂಟೆ ಹಿಡಿಯುತ್ತದೆ, ಅಂದರೆ ಅರ್ಧ ದಿನಕ್ಕೆ ಮೂರು. ನಿಮ್ಮೂರಿನ ಅರ್ಧ ದಿನದ ಕೂಲಿಯನ್ನು ಮೂರು ಪಾಲು ಮಾಡಿ, ಅದಕ್ಕೆ ಹನ್ನೆರಡು ರೂಪಾಯಿಯ ರಾಗಿ, ತಂತಿ, ಹೂವಿನ ಖರ್ಚನ್ನು ಸೇರಿಸಿದರೆ ಬರುವುದು ಅಸಲು. ಅದಕ್ಕಿಂತ ಒಂದು ಕಾಸು ಕಡಮೆಗೂ ಕೊಡಬೇಡಿರಿ. ಮಧ್ಯವರ್ತಿಯ ಕೈಗಂತೂ ಬೇಡವೇ ಬೇಡ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಮ್ಮವನೇ ನಿಂತಿದ್ದಾನೆ, ಒಳಗೆ ನಮ್ಮಾಕೆಯೇ ಕಸ ಗುಡಿಸುತ್ತಾಳೆ. ಅಲ್ಲಿನ ನಿವಾಸಿಗಳ ಸಂಘಕ್ಕೆ ಒಂದು ಮಾದರಿ ತೋರಿಸಿ, ನವೆಂಬರಿನಲ್ಲೇ ಎಷ್ಟು ಬೇಕೆಂದು ಕೇಳಿ, ಕೇಳಿದಷ್ಟನ್ನೇ ಮಾಡಿರಿ. ಡಿಸೆಂಬರ್ ಮೊದಲ ವಾರದಿಂದ ಸಂಕ್ರಾಂತಿಯವರೆಗೆ ಕಾಲ. ಆಮೇಲೆ ಕೇಳುವವರಿಲ್ಲ.

ಇದಕ್ಕೆಂದು ಸಾಲ ಮಾಡಬೇಡಿರಿ. ಎಕರೆಗಟ್ಟಲೆ ಹೂ ಹಾಕಬೇಡಿರಿ. ಒಣಹೂವಿನ ದೊಡ್ಡ ವ್ಯಾಪಾರ ತೂತ್ತುಕುಡಿ, ಕೊಲ್ಕತ್ತಗಳಲ್ಲಿ ಕಾರ್ಖಾನೆ ಮಟ್ಟದಲ್ಲಿ ನಡೆದಿದೆ, ವಿದೇಶಕ್ಕೂ ಹೋಗುತ್ತದೆ. ಅವರೊಡನೆ ಪೈಪೋಟಿ ನಮಗೆ ಬೇಡ. ನಮಗಿರುವ ಅನುಕೂಲ ಒಂದೇ, ಕೊಳ್ಳುವ ಬಾಗಿಲು ಸೈಕಲ್ ತುಳಿಯುವಷ್ಟು ದೂರದಲ್ಲಿದೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೆ ರಾಗಿಯ ನಡುವೆ ಅಕ್ಕಡಿ ಸಾಲು ಬಿಡುತ್ತಿದ್ದಿರಿ. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ, ಬದುವಿನಲ್ಲಿ ಹರಳು. ಮನೆಯ ಸಾರಿಗೆ, ಎಣ್ಣೆಗೆ, ಸೊಗಡಿಗೆ ಎಲ್ಲವೂ ಅದರಿಂದಲೇ. ತನಿ ಬೆಳೆ ಹಾಕಿ, ಇಳುವರಿ ಹೆಚ್ಚುತ್ತದೆ, ಕೊಯ್ಲು ಸುಲಭ ಎಂದು ಹೇಳಿದವರಲ್ಲಿ ನಾನೂ ಒಬ್ಬ. ಇಳುವರಿ ಹೆಚ್ಚಿತು, ಸುಳ್ಳಲ್ಲ. ಆದರೆ ಸಿಂಬೆಗೆ ಜೋಳದ ತೆನೆ, ಹುಚ್ಚೆಳ್ಳಿನ ಒಣ ಕಡ್ಡಿ ಹುಡುಕಿಕೊಂಡು ಹೋದಾಗ ಐದು ಹಳ್ಳಿ ಸುತ್ತಿ ಬರಿಗೈಲಿ ಬಂದೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದೆವು, ಭಾಷಣಗಳಾದವು, ವೇದಿಕೆಗೆ ತೆನೆಯ ಅಲಂಕಾರವೂ ಆಯಿತು. ಬರುವ ಮುಂಗಾರಿಗೆ ಹೊಲದ ಒಂದು ಅಂಚಿನಲ್ಲಾದರೂ ನಾಲ್ಕು ಅಕ್ಕಡಿ ಸಾಲು ಬಿಡಿರಿ. ಯಂತ್ರ ತಿರುಗಲು ಅದು ಅಡ್ಡಿಯಾಗುವುದಿಲ್ಲ.

ಆ ಮನೆಯಾಕೆಗೆ ಒಂದು ಸಿಂಬೆ ಕಟ್ಟಿ ತೋರಿಸಿದೆ. ನನ್ನದು ಸೊಟ್ಟಗಾಗಿತ್ತು. ಆಕೆ ಬಿಚ್ಚಿ, ಎರಡನೆಯ ಸಲ ತಾನೇ ಕಟ್ಟಿದಳು, ನೇರವಾಯಿತು. ಪ್ಲಾಸ್ಟಿಕ್ಕಿನದನ್ನು ಇಳಿಸಿದಳೆ ಎಂದರೆ, ಇಲ್ಲ. "ಎರಡೂ ಇರ್ಲಿ ಸಾರ್, ಯಾವ್ದು ಗುಬ್ಬಿ ಕರೀತದೋ ನೋಡಾನ" ಎಂದಳು. ನಿಮ್ಮಲ್ಲಿ ಇನ್ನೂ ಕೊಯ್ಯದ ಹೊಲವಿದ್ದರೆ, ಯಂತ್ರದವನಿಗೆ ಹೇಳಿಕಳಿಸುವ ಮೊದಲು ನಲವತ್ತು ತೆನೆ ಬೇರೆ ಕೊಯ್ದಿಡಿರಿ.