ದೋಟಿಗೆ ಡಿ4, ಕಟಾನಾಗೆ ಡಿ10: ಇದು ಎಂಥ ಹೌಸ್ ರೂಲ್ ಮಾರಾಯ್ರೆ?

1/4
"ಆಟ ಅಲ್ವಾ, ಬಿಡು" ಅಂತ ಮೆಸೇಜ್ ಮಾಡಿದವರಿಗೆ ಮೊದಲೇ ಹೇಳ್ತೇನೆ, ಬಿಡುವುದಿಲ್ಲ.

ಹೊಸಬರಿಗೆ: ಶನಿವಾರ ಕ್ಲಾಸ್ ಮುಗಿದ ಮೇಲೆ ನಾವು ಆರು ಜನ ಮೂಡಬಿದಿರೆಯಲ್ಲಿ ಒಬ್ಬನ ಮನೆ ಮಾಳಿಗೆಯಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡ್ತೇವೆ. ಬೆಳ್ತಂಗಡಿ ಕಡೆಯ ಫ್ರೆಂಡ್ ಒಬ್ಬಳು ಹೊಸದಾಗಿ ಸೇರಿದಳು. ಫೈಟರ್ ಪಾತ್ರ. ಆಯುಧ ಎಂತ ಅಂತ ಕೇಳಿದ್ದಕ್ಕೆ "ದೋಟಿ" ಅಂದಳು. ಹತ್ತಡಿ ಬಿದಿರು, ತುದಿಗೆ ಬಾಗಿದ ಕತ್ತಿ. ಫೋಟೋದಲ್ಲಿ ಇರುವುದು ಬಂಟ್ವಾಳದ ನಮ್ಮ ಮನೆಯದ್ದು, ಅದೇ ನಮೂನೆ.

ಡಿಎಂ ನಕ್ಕ. "ಅದು ತೋಟದ ಸಾಮಾನು, ಆಯುಧ ಅಲ್ಲ. ಇಂಪ್ರೊವೈಸ್ಡ್ ವೆಪನ್. ಡಿ4, ಪ್ರೊಫಿಶಿಯನ್ಸಿ ಬೋನಸ್ ಇಲ್ಲ." ಅದೇ ದಿನ ಇನ್ನೊಬ್ಬನ ಕಟಾನಾಗೆ ಒಂದೇ ಕೈಯಲ್ಲಿ ಡಿ10, ಮೇಲಿಂದ ಫಿನೆಸ್. ಯಾಕೆ? "ಕಟಾನಾ ಅಲ್ವಾ!"

ಎಲ್ಲರೂ ನಕ್ಕೆವು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಬೇಕು. ಅವಳು ಮೂರು ಶನಿವಾರದಿಂದ ಬಂದಿಲ್ಲ.

2/4
ಈಗ ಪುಸ್ತಕ ತೆಗೆಯುವ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲೇ ಉಂಟು: ಕೈಗೆ ಸಿಕ್ಕಿದ ವಸ್ತು ಪಟ್ಟಿಯಲ್ಲಿರುವ ಯಾವುದಾದರೂ ಆಯುಧದ ಹಾಗೆ ಇದ್ದರೆ ಅದನ್ನೇ ಅಂತ ಲೆಕ್ಕ ಹಿಡಿಯಬಹುದು. ಉದ್ದ ಕೋಲಿನ ತುದಿಗೆ ಕತ್ತಿ ಇರುವ ಆಯುಧ ಪಟ್ಟಿಯಲ್ಲಿ ಉಂಟಲ್ಲ, ಗ್ಲೇವ್. ಡಿ10, 10 ಅಡಿ ರೀಚ್, ಎರಡು ಕೈ. ಇನ್ನು ಕಟಾನಾ? ಅದೇ ವರ್ಷದ ಡಂಜನ್ ಮಾಸ್ಟರ್ಸ್ ಗೈಡ್ ಅದನ್ನು ಲಾಂಗ್‌ಸ್ವೋರ್ಡ್‌ನ ಇನ್ನೊಂದು ಹೆಸರು ಅಂತ ಮಾತ್ರ ಕೊಡ್ತದೆ. ಒಂದು ಕೈಗೆ ಡಿ8, ಫಿನೆಸ್ ಇಲ್ಲ. ಅಂದರೆ ನಮ್ಮ ಡಿಎಂ ಎರಡೂ ಕಡೆ ರೂಲ್ ಬದಲಿಸಿದ್ದಾನೆ, ಆದರೆ "ರೂಲ್ ಪ್ರಕಾರ" ಅಂತ ಹೇಳಿದ್ದು ದೋಟಿಗೆ ಮಾತ್ರ.

ಇದು ಹೊಸ ರೋಗ ಅಲ್ಲ. 3.5 ಎಡಿಷನ್‌ನಲ್ಲಿ ಸಿಕಲ್ ಅಂದರೆ ಸಿಂಪಲ್ ವೆಪನ್, ಡಿ6. ಜಪಾನಿನ ಕುಡುಗೋಲು ಕಾಮಾ ಕೂಡ ಡಿ6, ಆದರೆ ಅದು "ಎಕ್ಸೋಟಿಕ್", ಹಿಡಿಯಲಿಕ್ಕೆ ಬೇರೆ ಫೀಟ್ ಬೇಕು. ಎರಡೂ ಹುಲ್ಲು ಕೊಯ್ಯುವ ಕತ್ತಿಯೇ! ಪಟ್ಟಿ ಬರೆದವರಿಗೆ ಯಾವ ಊರು ಹತ್ತಿರವೋ ಆ ಊರಿನದ್ದು ಸಿಂಪಲ್.

ಮತ್ತೆ, ಆ ಪಟ್ಟಿ ದೇವರು ಬರೆದದ್ದೂ ಅಲ್ಲ. 1974ರ ಮೊದಲ ಪೆಟ್ಟಿಗೆಯಲ್ಲಿ ಎಲ್ಲ ಆಯುಧಕ್ಕೂ ಒಂದೇ ಡಿ6. ಒಂದೊಂದಕ್ಕೆ ಒಂದೊಂದು ದಾಳ ಬಂದದ್ದು 1975ರ ಗ್ರೇಹಾಕ್ ಪುಸ್ತಕದಲ್ಲಿ.

3/4
"ತೋಟದ ಸಾಮಾನು ಆಯುಧ ಅಲ್ಲ" ಅಂತಾದರೆ ಫ್ಲೇಲ್ ಎಲ್ಲಿಂದ ಬಂತು? ಅದು ಕಾಳು ಬಡಿಯುವ ಕೋಲು. ಯುರೋಪಿನ ಸೈನಿಕರ ಬಿಲ್, ಬೇಲಿ ಸವರುವ ಕತ್ತಿಗೆ ಉದ್ದ ಹಿಡಿ ಹಾಕಿದ್ದು. ಅವರ ರೈತನ ಸಾಮಾನು ಪುಸ್ತಕಕ್ಕೆ ಹೋದರೆ ಆಯುಧ, ನಮ್ಮದು ಜೋಕ್. ಬಿ.ಸಿ.ರೋಡಿನ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ, ಒಂದು ಇಡೀ ವೆಪನ್ ಟೇಬಲ್ ಮಾಡುವಷ್ಟು ಕತ್ತಿ-ಕೋಲು ಅಲ್ಲಿ ಸಿಗ್ತದೆ. 1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರನ್ನು ಸುಮಾರು ಎರಡು ವಾರ ಹಿಡಿದಿಟ್ಟ ದಂಗೆಯನ್ನು ನಾವು ಇವತ್ತಿಗೂ ರೈತ ದಂಗೆ ಅಂತಲೇ ಕರೆಯುವುದು.

ನನಗೆ ನಿಜವಾಗಿ ಸಿಟ್ಟು ಬಂದದ್ದು "ಪ್ರೊಫಿಶಿಯನ್ಸಿ ಇಲ್ಲ" ಅಂದದ್ದಕ್ಕೆ. ಅವಳ ಅಪ್ಪ ಅಡಿಕೆ ಕೊಯ್ಯುವವರು. ನಲ್ವತ್ತು ಅಡಿ ಮೇಲೆ, ಬಳುಕುವ ದೋಟಿಯ ತುದಿಯಲ್ಲಿ, ಹಣ್ಣಾದ ಗೊನೆ ಮಾತ್ರ ತುಂಡಾಗಬೇಕು, ಪಕ್ಕದ ಹಿಂಗಾರಕ್ಕೆ ಕತ್ತಿ ತಾಗಬಾರದು. ಬಿಸಿಲಿಗೆ ಕತ್ತೆತ್ತಿಕೊಂಡೇ ದಿನವಿಡೀ. ಅಲ್ಯೂಮಿನಿಯಂ ದೋಟಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯ ಪೇಪರ್ ಓದುವವರಿಗೆ ಹೊಸತಲ್ಲ. ಅದು ಪ್ರೊಫಿಶಿಯನ್ಸಿ ಅಲ್ಲ ಅಂತಾದರೆ, ರೀಲ್ಸ್ ನೋಡಿ ಕಟಾನಾ ಹಿಡಿದ ನಮ್ಮ ಹುಡುಗನದ್ದು ಎಂತ?

4/4
"ಬ್ಯಾಲೆನ್ಸ್ ಬೇಕಲ್ವಾ" ಅಂತ ಡಿಎಂ. ಸರಿ, ಬಿಕಾಂ ಓದುವವನಿಗೆ ಬ್ಯಾಲೆನ್ಸ್ ಹೇಳಿಕೊಡ್ತಾನೆ! ಒಂದು ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್. +3 ಸೇರಿಸಿದರೆ ಕಟಾನಾದ ಸರಾಸರಿ 8.5, ಒಂದೇ ಪೆಟ್ಟಿಗೆ ಸತ್ತಿತು. ದೋಟಿಯದ್ದು 5.5, ಸಾಯುವುದಿಲ್ಲ. ಮೇಲಿಂದ +2 ಬೋನಸ್ ಇಲ್ಲದ್ದಕ್ಕೆ 20 ಪೆಟ್ಟಿನಲ್ಲಿ ಸರಾಸರಿ 2 ಹೆಚ್ಚು ತಪ್ಪುತ್ತದೆ. ಎಂತ ಬ್ಯಾಲೆನ್ಸ್ ಇದು?

ದೋಟಿಗೆ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ. ಶತ್ರು ಮೈಮೇಲೆ ಬಂದರೆ ಅದು ಬರೀ ಕೋಲು. ಇಕ್ಕಟ್ಟಾದ ಗುಹೆಯಲ್ಲಿ ತಿರುಗಿಸ್ಲಿಕ್ಕೇ ಆಗುವುದಿಲ್ಲ. ಹಾಗಾಗಿ ನನ್ನ ರೂಲ್ ಹೀಗೆ. ಗ್ಲೇವ್‌ನ ಲೆಕ್ಕ: ಡಿ10, 10 ಅಡಿ ರೀಚ್. 5 ಅಡಿ ಒಳಗಿನ ಶತ್ರುವಿಗೆ ಡಿಸ್‌ಅಡ್ವಾಂಟೇಜ್. ಕತ್ತಿ ಕೊಯ್ಯುವುದು ಎಳೆಯುವಾಗ, ಆದ್ದರಿಂದ ಪೆಟ್ಟು ತಾಗಿದರೆ ಶತ್ರುವನ್ನು 5 ಅಡಿ ಹತ್ತಿರ ಎಳೆಯಬಹುದು, ಒಂದು ಸರದಿಗೆ ಒಮ್ಮೆ. ಮ್ಯಾಪ್ ಅಡಿಕೆ ತೋಟದ್ದಾದರೆ ಮರದಿಂದ ಮರಕ್ಕೆ 9 ಅಡಿ ಅಂತ ನೆನಪಿರಲಿ, ಎಲ್ಲಿ ನಿಲ್ಲಬೇಕು ಅಂತ ದೋಟಿಯವಳಿಗೇ ಗೊತ್ತಿರ್ತದೆ. ಕಟಾನಾ ವಾಪಸ್ ಡಿ8ಕ್ಕೆ.

ಇದನ್ನು ನಮ್ಮ ಗ್ರೂಪಿಗೆ ನಿನ್ನೆಯೇ ಹಾಕಿದ್ದೇನೆ. ಡಿಎಂ ನೋಡಿದ್ದಾನೆ, ಉತ್ತರ ಇಲ್ಲ. ಅವಳಿಗೆ ಬೇರೆಯಾಗಿ ಸಾರಿ ಅಂತಲೂ ಬರೆದೆ, ನಕ್ಕದ್ದಕ್ಕೆ. "ಪರೀಕ್ಷೆ ಮುಗೀಲಿ, ನೋಡುವ" ಅಂದಿದ್ದಾಳೆ. ಅವಳ ದಾಳದ ಚೀಲ ನನ್ನ ಬ್ಯಾಗಿನಲ್ಲೇ ಉಂಟು.