ಕೈ ನೋಡಿ ಬಳೆ

ಹಳೆಯ ಮೋಟಾರು ಕಾರಿನ ಮೇಲೆ ಗಂಡಸರು ಇಟ್ಟಿರುವ ಮೋಹವನ್ನು ಕಂಡು ಮನೆಯ ಹೆಂಗಸರು ನಗುವುದುಂಟು. ನನ್ನ ಮಿತ್ರರೊಬ್ಬರ ಮನೆಯಲ್ಲಿ ಈ ಪದ್ಧತಿ ತಿರುಗುಮುರುಗು. ಅಲ್ಲಿ ಕಾರಿನ ವಿಷಯದಲ್ಲಿ ಹಟ ಹಿಡಿದವರು ಎಂಬತ್ತನಾಲ್ಕು ವರ್ಷ ತುಂಬಿದ ಅವರ ತಾಯಿ. ಆಕೆಯ ತವರು ಚಿಂತಾಮಣಿ. ಮದುವೆಯಾದ ಹೊಸತರಲ್ಲಿ ಗಂಡನ ಪಕ್ಕದಲ್ಲಿ ಕುಳಿತು ಬೆಂಗಳೂರಿನಿಂದ ತವರಿಗೂ, ಅಲ್ಲಿಂದ ಕೈವಾರಕ್ಕೂ ಆ ಕಾರಿನಲ್ಲಿ ಹೋಗಿ ಬಂದಿದ್ದರಂತೆ. ಯಜಮಾನರು ತೀರಿಕೊಂಡು ಎಷ್ಟೋ ವರ್ಷಗಳಾದವು; ಗಾಡಿ ಮಾತ್ರ ಷೆಡ್ಡಿನಲ್ಲಿ ಉಳಿದಿತ್ತು. “ಇನ್ನೊಂದು ಸಲ ಅದರಲ್ಲೇ ಕೈವಾರಕ್ಕೆ ಕರೆದುಕೊಂಡು ಹೋಗಪ್ಪ” ಎಂಬುದು ಮಗನಲ್ಲಿ ಅವರ ಒಂದೇ ಬೇಡಿಕೆ.

ಗಾಡಿ ಎಂ.ಜಿ. ಸಂಸ್ಥೆಯ ಟಿ.ಡಿ. ಮಾದರಿಯದು. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1950ರಿಂದ 1953ರ ವರೆಗೆ ಇವು ತಯಾರಾದವು. ಎರಡೇ ಆಸನ, ಮಡಿಸಿಡಬಹುದಾದ ಬಟ್ಟೆಯ ಮಾಡು, ಉದ್ದನೆಯ ಮೂತಿ, ಅದರೊಳಗೆ 1250 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು. ಓಟದ ಷೋಕಿಯವರಿಗೆಂದೇ ಹುಟ್ಟಿದ ಗಾಡಿ. ಆದರೆ ಮಿತ್ರರ ಗಾಡಿ ಓಡುವುದಕ್ಕಿಂತ ಹೊಗೆಯಾಡುವುದರಲ್ಲಿ ಹೆಚ್ಚು ಉತ್ಸಾಹ ತೋರುತ್ತಿತ್ತು.

ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದು. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ. ಬಿಸಿಯಾದ ಮೇಲೂ ಬೆಳ್ಳಗೆ ಬರುತ್ತಿದ್ದರೆ ನೀರು ಒಳಗಿಳಿದಿರಬಹುದು. ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಇದು ನೀಲಿ. ಹಿಂದೆ ಒಂದು ಕಾರ್ಖಾನೆಯಲ್ಲಿ ಪಿಸ್ಟನ್ನಿನ ಉಂಗುರಗಳನ್ನು ಬದಲಾಯಿಸಿಕೊಟ್ಟಿದ್ದರು. ಕೆಲವು ತಿಂಗಳು ನೆಮ್ಮದಿ, ಬಳಿಕ ಮತ್ತೆ ನೀಲಿ. ಉಂಗುರವೇ ಕಳಪೆಯಿರಬೇಕೆಂದು ಮಿತ್ರರು ಇಂಗ್ಲೆಂಡಿನಿಂದ ಮತ್ತೊಂದು ಜೊತೆ ತರಿಸಿ ಡಬ್ಬಿಯಲ್ಲಿಟ್ಟುಕೊಂಡರು. ಅದನ್ನು ಹಾಕಿಸುವ ಮುನ್ನ, ದಾರಿ ಹೇಗಿದೆ ನೋಡೋಣವೆಂದು, ನನ್ನನ್ನೂ ಕೂಡಿಸಿಕೊಂಡು ಹೊರಟರು. ಚಿಂತಾಮಣಿ ಇನ್ನೇನು ಬಂತೆನ್ನುವಾಗ ಎಂಜಿನ್ನಿನಲ್ಲಿ ಟಕಟಕ ಸದ್ದು. ಟೊಮೆಟೊ ಸಾಗಿಸುವ ವಾಹನವೊಂದು ನಮ್ಮನ್ನು ಹಗ್ಗ ಕಟ್ಟಿ ಎಳೆದು ಊರು ಮುಟ್ಟಿಸಿತು. ಓಟದ ಗಾಡಿಯಲ್ಲಿ ಹಾಗೆ ಪುರಪ್ರವೇಶ ಮಾಡುವ ಯೋಗ ಎಲ್ಲರಿಗೂ ಬರುವುದಿಲ್ಲ.

ಚಿಂತಾಮಣಿ ನದಿಯನ್ನು ನೆಚ್ಚಿದ ಸೀಮೆಯಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಸೀಮೆ. ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಕೈಗಳಿಗೆ ಅಲ್ಲಿ ಕೊರತೆಯಿಲ್ಲ. ನಮ್ಮನ್ನು ಕರೆದೊಯ್ದ ಷೆಡ್ಡಿನ ಮೇಸ್ತ್ರಿಗಳು ಜೀವಮಾನವೆಲ್ಲ ಟ್ರಾಕ್ಟರು, ಕಂಪ್ರೆಸರುಗಳ ಜೊತೆ ಕಳೆದವರು. ಎಂ.ಜಿ.ಯನ್ನು ಕಂಡದ್ದು ಅದೇ ಮೊದಲು. ಮೊದಲ ಬೋಲ್ಟಿನಲ್ಲೇ ಅದು ಅವರನ್ನು ಪರೀಕ್ಷಿಸಿತು. ತಲೆ ಇಂಗ್ಲಿಷ್ ವಿಟ್‌ವರ್ತ್ ಅಳತೆಯದು, ಮರೆ ಮಾತ್ರ ಮಿಲಿಮೀಟರಿನದು! ಇದಕ್ಕೊಂದು ಕಥೆಯುಂಟು. ಫ್ರಾನ್ಸಿನ ಹಾಚ್‌ಕಿಸ್ ಸಂಸ್ಥೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಒಂದು ಕಾರ್ಖಾನೆ ಇಟ್ಟಿತ್ತು. 1923ರಲ್ಲಿ ಮಾರಿಸ್ ಅದನ್ನು ಕೊಂಡರು. ಯಂತ್ರಗಳೆಲ್ಲ ಫ್ರೆಂಚರ ಅಳತೆಯವು, ಗಿರಾಕಿಗಳ ಸ್ಪ್ಯಾನರುಗಳು ಇಂಗ್ಲಿಷರವು. ಎರಡಕ್ಕೂ ರಾಜಿ ಮಾಡಿಸಿದ ಬೋಲ್ಟು ಇದು. ಮೇಸ್ತ್ರಿಗಳು ನಕ್ಕು, ಎಲ್ಲಿಂದಲೋ ಹಳೆಯ ಸ್ಪ್ಯಾನರುಗಳನ್ನು ತರಿಸಿದರು.

ಬಿಚ್ಚುವ ಮುನ್ನ ಅವರು ಮಾಡಿದ ಪರೀಕ್ಷೆ ಸರಳವಾದದ್ದು. ಸ್ಪಾರ್ಕ್ ಪ್ಲಗ್ಗಿನ ರಂಧ್ರಕ್ಕೆ ಮಾಪಕ ಹಚ್ಚಿ ಸಿಲಿಂಡರಿನ ಒತ್ತಡ ನೋಡಿದರು. ಅದೇ ರಂಧ್ರದಿಂದ ಒಂದು ಚಮಚ ಎಣ್ಣೆ ಸುರಿದು ಮತ್ತೆ ನೋಡಿದರು. ಒತ್ತಡ ಏರಿತು. ವಾಲ್ವಿನ ಸೋರಿಕೆಯಾಗಿದ್ದರೆ ಎಣ್ಣೆಯಿಂದ ಏನೂ ಆಗುತ್ತಿರಲಿಲ್ಲ. ಎಣ್ಣೆ ಸಂದು ಮುಚ್ಚಿತೆಂದರೆ ಸಂದು ಇರುವುದು ಉಂಗುರದ ಬಳಿಯಲ್ಲೇ.

ಈ ಉಂಗುರಗಳ ಕೆಲಸ ಸಾಮಾನ್ಯವಾದದ್ದಲ್ಲ. ಹಿಂದಿನ ಉಗಿಯಂತ್ರಗಳಲ್ಲಿ ಪಿಸ್ಟನ್ನಿನ ಸುತ್ತ ನಾರನ್ನು ಕೊಬ್ಬಿನಲ್ಲಿ ನೆನೆಸಿ ಸುತ್ತುತ್ತಿದ್ದರು. ಒಂದೆಡೆ ಸೀಳಿದ ಲೋಹದ ಉಂಗುರವನ್ನು 1850ರ ದಶಕದಲ್ಲಿ ಬಳಕೆಗೆ ತಂದವರು ರೈಲು ಎಂಜಿನ್ನುಗಳ ತಜ್ಞ ಜಾನ್ ರ‍್ಯಾಮ್ಸ್‌ಬಾಟಮ್. ಸೀಳಿರುವುದರಿಂದ ಅದು ಸ್ಪ್ರಿಂಗಿನಂತೆ ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ. ಮೇಲಿಂದ ಉರಿಯುವ ಅನಿಲವೂ ಉಂಗುರದ ಬೆನ್ನ ಹಿಂದೆ ನುಗ್ಗಿ ಅದನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಮೂರು ಉಂಗುರ. ಮೇಲಿನ ಎರಡು ಒತ್ತಡ ಸೋರದಂತೆ ತಡೆಯುತ್ತವೆ. ಕೆಳಗಿನದು ಗೋಡೆಯ ಎಣ್ಣೆಯನ್ನು ಕೆರೆದು ಕೆಳಕ್ಕೆ ಕಳಿಸುತ್ತದೆ. ಟಿ.ಡಿ.ಯಲ್ಲಿ ಪಿಸ್ಟನ್ನಿನ ಏರಿಳಿತ 90 ಮಿಲಿಮೀಟರು. ನಿಮಿಷಕ್ಕೆ 3000 ಸುತ್ತಿನಂತೆ ಗಾಡಿ ಗಂಟೆಗೆ ಸುಮಾರು 70 ಕಿಲೋಮೀಟರು ಓಡಿದರೆ, ಅಷ್ಟರೊಳಗೆ ಪ್ರತಿಯೊಂದು ಉಂಗುರವೂ ಆ ಗೇಣು ತುಂಬದ ಬಾವಿಯಲ್ಲಿ ಮೇಲಕ್ಕೂ ಕೆಳಕ್ಕೂ 32 ಕಿಲೋಮೀಟರು ನಡೆದಿರುತ್ತದೆ. ಸವೆಯದೆ ಏನು ಮಾಡೀತು?

ಆದರೆ ಸವೆಯುವುದು ಉಂಗುರವೊಂದೇ ಅಲ್ಲ, ಬಾವಿಯ ಗೋಡೆಯೂ ಸವೆಯುತ್ತದೆ. ಅದೂ ಸಮನಾಗಿ ಅಲ್ಲ. ಪಿಸ್ಟನ್ನು ತುದಿ ಮುಟ್ಟಿ ಹಿಂದಿರುಗುವಲ್ಲಿ ಬೆಂಕಿ ಹೆಚ್ಚು, ಒತ್ತಡ ಹೆಚ್ಚು, ಎಣ್ಣೆ ಕಡಿಮೆ. ಅಲ್ಲಿಯೇ ಸವೆತ ಎಲ್ಲಕ್ಕಿಂತ ಅಧಿಕ. ಅದಕ್ಕೂ ಮೇಲೆ, ಉಂಗುರ ಮುಟ್ಟದ ಅಂಚು ಸವೆಯದೆ ದಿಂಡಿನಂತೆ ನಿಲ್ಲುತ್ತದೆ. ಹಳೆಯ ಉಂಗುರದ ಅಂಚು ತಾನೂ ಸವೆದು ಈ ದಿಂಡಿಗೆ ಹೊಂದಿಕೊಂಡಿರುತ್ತದೆ. ಅದನ್ನು ತೆಗೆದು ಚೂಪಾದ ಅಂಚಿನ ಹೊಸ ಉಂಗುರ ಹಾಕಿದರೆ, ಅದು ದಿಂಡಿಗೆ ತಲೆ ಚಚ್ಚಿಕೊಳ್ಳುತ್ತದೆ. ನಮ್ಮ ಮಿತ್ರರ ಗಾಡಿಯಲ್ಲಿ ಆದದ್ದು ಅದೇ. ಮೂರನೆಯ ಪಿಸ್ಟನ್ನು ಹೊರಬಂದಾಗ ಅದರ ಮೇಲಿನ ಉಂಗುರ ಮೂರು ತುಂಡಾಗಿತ್ತು. ತುಂಡುಗಳು ಗೋಡೆಯಲ್ಲಿ ಉಗುರಿನಿಂದ ಪರಚಿದಂತೆ ಗೀರೆಳೆದಿದ್ದವು.

ಮಿತ್ರರು ಡಬ್ಬಿ ತೆರೆದು ತಮ್ಮ ವಿಲಾಯತಿ ಉಂಗುರಗಳನ್ನು ಮುಂದಿಟ್ಟರು. ಮೇಸ್ತ್ರಿಗಳು ಒಂದನ್ನು ತೆಗೆದುಕೊಂಡು ಬರಿದಾದ ಸಿಲಿಂಡರಿನ ತಳಭಾಗಕ್ಕೆ ಇಳಿಸಿದರು; ತಲೆಕೆಳಗಾದ ಪಿಸ್ಟನ್ನಿನಿಂದ ತಳ್ಳಿ ಅದನ್ನು ಸಮನಾಗಿ ನಿಲ್ಲಿಸಿದರು; ಸೀಳಿನ ಎರಡು ತುದಿಗಳ ನಡುವೆ ಫೀಲರ್ ಗೇಜಿನ ಎಸಳು ತೂರಿಸಿದರು. ಹತ್ತು ತೌ. ತೌ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಎರಡು ಮೂರು ತೌ ದಪ್ಪವಿದ್ದೀತು. ಬಾವಿಯ ಅಡ್ಡಳತೆ ಅಂಗುಲವೊಂದಕ್ಕೆ ಮೂರು ನಾಲ್ಕು ತೌ ಸಂದಿರಬೇಕೆಂಬುದು ವಾಡಿಕೆ. ಸಂದಿಲ್ಲದಿದ್ದರೆ ಉಂಗುರ ಬಿಸಿಯಾಗಿ ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಒತ್ತಿ ಮುರಿಯುತ್ತವೆ. ಟಿ.ಡಿ.ಯ ಬಾವಿ 66.5 ಮಿಲಿಮೀಟರು, ಅಂದರೆ ಎರಡೂವರೆ ಅಂಗುಲದ ಮೇಲೆ ಸ್ವಲ್ಪ. ಆದ್ದರಿಂದ ಹತ್ತು ತೌ ಒಪ್ಪತಕ್ಕದ್ದೇ. ಮಿತ್ರರ ಮುಖ ಅರಳಿತು.

ಮೇಸ್ತ್ರಿಗಳು ಅದೇ ಉಂಗುರವನ್ನು ಮೇಲಕ್ಕೆ, ದಿಂಡಿನ ಕೆಳಕ್ಕೆ ತಂದು ಮತ್ತೆ ಅಳೆದರು. ನಲವತ್ತೊಂದು ತೌ. ಮೂವತ್ತೊಂದು ಹೆಚ್ಚು. ಸುತ್ತಳತೆ ಅಡ್ಡಳತೆಯ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚೆಂದು ನಾವು ಶಾಲೆಯಲ್ಲಿ ಓದಿದ್ದೆವಲ್ಲ, ಆ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ಮೂವತ್ತೊಂದನ್ನು ಮೂರರಿಂದ ಭಾಗಿಸಿ. ಬಾವಿ ಮೇಲ್ಗಡೆ ಸುಮಾರು ಹತ್ತು ತೌ ಅಗಲವಾಗಿದೆ.

“ಸಾರ್, ರಿಂಗು ಚೆನ್ನಾಗೈತೆ. ಬೋರು ಚೆನ್ನಾಗಿಲ್ಲ. ನಾನು ಇದನ್ನ ಹಾಕಲ್ಲ” ಎಂದರು ಮೇಸ್ತ್ರಿಗಳು. ನಾಲ್ಕು ಸಿಲಿಂಡರನ್ನೂ ಒಂದು ಅಳತೆ ಹೆಚ್ಚಿಗೆ ಕೊರೆಸಬೇಕು. ಅದಕ್ಕೆ ತಕ್ಕ ದಪ್ಪದ ಪಿಸ್ಟನ್ನು, ಉಂಗುರಗಳನ್ನು ಮತ್ತೆ ತರಿಸಬೇಕು. ಎರಡು ಮೂರು ತಿಂಗಳ ಮಾತು.

ಮಿತ್ರರ ದನಿ ನಡುಗಿತು. “ಮೇಸ್ತ್ರಿಗಳೇ, ನಮ್ಮಮ್ಮನಿಗೆ ಎಂಬತ್ತನಾಲ್ಕು. ಒಂದೇ ಒಂದು ಸಲ ಕೈವಾರಕ್ಕೆ ಹೋಗಿಬಂದರೆ ಸಾಕು, ಆಮೇಲೆ ಗಾಡಿ ಏನಾದರೂ ಆಗಲಿ.”

“ಅಮ್ಮನೋರು ಕೂತಿರೋವಾಗಲೇ ದಾರೀಲಿ ಮುರಿದ್ರೆ ಏನ್ಮಾಡ್ತೀರಾ? ಇನ್ನೊಂದು ಸಲ ಗೀರು ಬಿದ್ರೆ ಈ ಬ್ಲಾಕು ಕೊರೆಯೋಕೂ ಬರಲ್ಲ ಸಾರ್.”

ಈ ಮಾತಿಗೆ ಉತ್ತರವಿರಲಿಲ್ಲ. ಪ್ರತಿಯೊಂದು ಬಾರಿ ಕೊರೆಸಿದಾಗಲೂ ಗೋಡೆ ತೆಳುವಾಗುತ್ತದೆ. ಆ ಭಾಗ್ಯ ಎಂಜಿನ್ನಿಗೆ ಕೆಲವೇ ಬಾರಿ. ಮಿತ್ರರು ಷೆಡ್ಡಿನ ಹೊರಗೆ ನಿಂತು ತಾಯಿಗೆ ಫೋನು ಮಾಡಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರಂತೆ: “ನಮ್ಮಜ್ಜಿ ಬಳೆಗಾರ ಬಂದಾಗ ಹೇಳೋರು, ಬಳೆ ನೋಡಿ ಆರಿಸಬೇಡ, ಕೈ ನೋಡಿ ಆರಿಸು ಅಂತ. ಆ ಮೇಸ್ತ್ರಿ ಹೇಳಿದ ಹಾಗೆ ಮಾಡಪ್ಪ. ನಾನೇನು ಓಡಿಹೋಗೋಲ್ಲ.”

ಪಿಸ್ಟನ್ನುಗಳು ಬರಲು ಹತ್ತು ವಾರ ಹಿಡಿಯಿತು. ಬ್ಲಾಕನ್ನು ಕೊರೆಸಿ, ಒಳಗೋಡೆಯನ್ನು ಹೋನಿಂಗ್ ಕಲ್ಲಿನಿಂದ ಉಜ್ಜಿಸಿದರು. ಕನ್ನಡಿಯಂತೆ ನುಣುಪಾಗಿ ಅಲ್ಲ. ಚಾಪೆಯ ಹೆಣಿಗೆಯಂತೆ ಸಣ್ಣ ಓರೆ ಗೆರೆಗಳು ಒಂದನ್ನೊಂದು ಹಾಯ್ದಿರಬೇಕು. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ, ಉಂಗುರ ಗೋಡೆಗೆ ಹೊಂದಿಕೊಳ್ಳುವುದೂ ಅವುಗಳಿಂದಲೇ. ಬಳಿಕ ಬ್ಲಾಕಿಗೆ ಬಿಸಿನೀರು, ಸಾಬೂನಿನ ಅಭ್ಯಂಜನ. ಸೀಮೆಎಣ್ಣೆ ಜಿಡ್ಡು ತೆಗೆದೀತು, ಕಲ್ಲಿನ ಪುಡಿಯನ್ನು ಪೂರಾ ತೆಗೆಯದು. ಬಿಳಿಯ ಬಟ್ಟೆಯಲ್ಲಿ ಒರೆಸಿದರೆ ಕಲೆ ಹತ್ತದಾಗುವವರೆಗೂ ತೊಳೆದು, ತುಕ್ಕು ಹಿಡಿಯದಂತೆ ಕೂಡಲೇ ಎಣ್ಣೆ ಸವರಿದರು. ಪ್ರತಿಯೊಂದು ಉಂಗುರವನ್ನೂ ಅದು ಸೇರುವ ಸಿಲಿಂಡರಿನಲ್ಲೇ ಇಟ್ಟು ಸಂದು ಅಳೆದು, ಗುರುತಿರುವ ಮೈ ಮೇಲಾಗುವಂತೆ ತೊಡಿಸಿದರು. ಮೂರು ಸೀಳುಗಳೂ ಒಂದೇ ಸಾಲಿಗೆ ಬಂದರೆ ಅನಿಲಕ್ಕೆ ರಾಜಬೀದಿಯಾಗುತ್ತದೆ. ಆದ್ದರಿಂದ ಅವುಗಳನ್ನು ಮೂರು ದಿಕ್ಕಿಗೆ ತಿರುಗಿಸಿಟ್ಟರು.

ಮೊದಲ 800 ಕಿಲೋಮೀಟರು ಮಿತ್ರರು ಒಬ್ಬರೇ ಓಡಿಸಿದರು. ಅತಿವೇಗ ಕೂಡದು, ಹಾಗೆಂದು ಎತ್ತಿನಗಾಡಿಯಂತೆ ತೆವಳಿಸಲೂ ಕೂಡದು. ಎಂಜಿನ್ನಿನ ಮೇಲೆ ಹದವಾಗಿ ಭಾರ ಹಾಕುತ್ತ, ಬಿಡುತ್ತ ಹೋದರೆ ಮಾತ್ರ ಉಂಗುರಗಳು ಗೋಡೆಗೆ ಕೂರುತ್ತವೆ.

ಆಮೇಲೊಂದು ಮುಂಜಾನೆ ತಾಯಿ, ಮಗ ಕೈವಾರಕ್ಕೆ ಹೊರಟರು. ಇಬ್ಬರಿಗೇ ಜಾಗವಿದ್ದುದರಿಂದ ನಾನು ಬೇರೊಂದು ಗಾಡಿಯಲ್ಲಿ ಬೆನ್ನು ಹತ್ತಿದೆ; ಹೊಗೆಗೊಳವೆಯನ್ನು ಕಾಯುವ ಕೆಲಸ ನನ್ನದಾಯಿತು. ಏರು ಹತ್ತುವಾಗಲೂ ನೀಲಿಯ ಸುಳಿವಿಲ್ಲ. ಕೈವಾರದಲ್ಲಿ ನಾರೇಯಣ ತಾತಯ್ಯನವರ ದರ್ಶನವಾಯಿತು. ತಾತಯ್ಯನವರು ಯೋಗಿಯಾಗುವ ಮುನ್ನ ಬಳೆ ಮಾರುತ್ತಿದ್ದವರೆಂಬುದು ಆ ಸೀಮೆಗೆಲ್ಲ ತಿಳಿದ ಸಂಗತಿ. ಆಕೆ ನನ್ನ ಕಡೆ ತಿರುಗಿ, “ನೋಡಿದಿರಾ, ಬಳೆಯ ಮಾತು ನಾನು ಸುಮ್ಮನೆ ಆಡಿದ್ದಲ್ಲ” ಎಂದರು.

ಹಿಂದಿರುಗುವಾಗ ಆಕೆ ಷೆಡ್ಡಿನ ಮುಂದೆ ಗಾಡಿ ನಿಲ್ಲಿಸಿಸಿ, ಪ್ರಸಾದದ ಪೊಟ್ಟಣವನ್ನು ಮೇಸ್ತ್ರಿಗಳ ಕೈಗೆ ತಾವೇ ಕೊಟ್ಟರು. ಅವರ ತಲೆಯ ಮೇಲೆ, ಗೋಡೆಯ ಮೊಳೆಯಲ್ಲಿ, ಮೊದಲು ತರಿಸಿದ್ದ ಆ ಹೊಸ ಉಂಗುರಗಳು ತೂಗುತ್ತಿದ್ದವು. ಒಂದಕ್ಕೂ ಕುಂದಿಲ್ಲ. ಅವುಗಳ ಅಳತೆಯ ಬಾವಿ ಎಂದಾದರೂ ಆ ಬಾಗಿಲಿಗೆ ಬಂದೀತು ಎಂದು ಮೇಸ್ತ್ರಿಗಳು ಕಾಯುತ್ತಿದ್ದಾರೆ.